ಎರಡು ಕ್ಲಬ್ಬಿಗೆ ಒಬ್ಬ ಮಾರ್ಕರ್

ದ್ವೇಷವನ್ನು ಬಹುಕಾಲ ಕಾಪಾಡಿಕೊಂಡು ಬರುವುದು ಸ್ನೇಹವನ್ನು ಕಾಪಾಡುವುದಕ್ಕಿಂತ ಕಷ್ಟ. ಅದಕ್ಕೆ ನಿಷ್ಠೆ ಬೇಕು, ಶಿಸ್ತು ಬೇಕು, ದಿನವೂ ನೆನೆಯುವ ಭಕ್ತಿ ಬೇಕು. ನಮ್ಮ ಕಡೆ ಇದಿಷ್ಟನ್ನೂ ಮೈಸೂರು ರಸ್ತೆಯ ಬಸ್ ಕಂಡಕ್ಟರುಗಳೇ ನೋಡಿಕೊಳ್ಳುತ್ತಿದ್ದರು.

ಮುದುಕರು ರಾಮನಗರವನ್ನು ಇನ್ನೂ ಕ್ಲೋಸ್‌ಪೇಟೆ ಎಂದೇ ಕರೆಯುತ್ತಿದ್ದ ಕಾಲ. ನಾನು ಅಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತ. ಆಫೀಸರುಗಳ ಕ್ಲಬ್ಬಿನ ಗೌರವ ಕಾರ್ಯದರ್ಶಿ ಪದವಿಯೂ ನನ್ನ ತಲೆಗೇ ಬಂದಿತ್ತು. ಅದರಲ್ಲಿ ಗೌರವ ಎಷ್ಟಿತ್ತೆಂದು ಯಾರೂ ಅಳೆದು ನೋಡಿರಲಿಲ್ಲ. ಸಗಣಿ ಸಾರಿಸಿ, ಕಲ್ಲುರೋಲರ್ ಎಳೆದು, ಸುಣ್ಣದ ಗೆರೆ ಹಾಕಿದ ಒಂದು ಟೆನಿಸ್ ಅಂಕಣ ಕ್ಲಬ್ಬಿಗಿತ್ತು. ಒಬ್ಬ ಮಾರ್ಕರ್ ಇದ್ದ.

ಮಾರ್ಕರ್ ಎಂದರೆ ಸಂಬಳಕ್ಕೆ ಟೆನಿಸ್ ಆಡುವವನು. ಕನಕಪುರ, ಮಾಗಡಿಗಳನ್ನು ಸೇರಿಸಿಕೊಂಡರೂ ನಮ್ಮ ಸೀಮೆಯಲ್ಲಿ ಆ ಆಟವನ್ನು ಕಸುಬು ಮಾಡಿಕೊಂಡವರು ಇಬ್ಬರೇ: ನಮ್ಮವನು, ಮತ್ತು ಚನ್ನಪಟ್ಟಣದ ಕ್ಲಬ್ಬಿನವನು. ಬೆಳಿಗ್ಗೆ ಅಂಕಣ ಸಾರಿಸುವುದು, ಸಂಜೆ ಅಮಲ್ದಾರರ ಎದುರು ನಿಂತು ಸೋಲುವುದು ಅವರ ಕೆಲಸ. ಹೇಗೆಂದರೆ ಹಾಗೆ ಸೋಲುವಂತಿರಲಿಲ್ಲ. ಚೆಂಡು ಸಾಹೇಬರ ಬಲಗೈಗೆ, ಸೊಂಟದ ಮಟ್ಟಕ್ಕೆ, ಓಡದೆ ಸಿಗುವಂತೆ ಹೋಗಬೇಕು. ಭಾರೀ ಪೈಪೋಟಿ ನಡೆಯಿತೆಂದು ಅವರಿಗೆ ಅನ್ನಿಸಬೇಕು. ಕೊನೆಯ ಪಾಯಿಂಟನ್ನು ಬಲೆಗೆ ಹೊಡೆದು, ಅಯ್ಯೋ ಎಂಬ ಮುಖ ಮಾಡಿ, "ವೆಲ್ ಪ್ಲೇಡ್, ಸರ್" ಎನ್ನಬೇಕು. ಆ ರಾತ್ರಿ ಅಮಲ್ದಾರರು ಎರಡು ತುತ್ತು ಹೆಚ್ಚು ಉಂಡರೆ ಮಾರ್ಕರ್ ನುರಿತವನೆಂದು ಅರ್ಥ.

ನಮ್ಮವನು ರೇಷ್ಮೆ ನೂಲು ತೆಗೆಯುವ ಮುಸಲ್ಮಾನರ ಮನೆಯವನು. ಚಿಕ್ಕಂದಿನಿಂದ ಕುದಿನೀರಿನ ಬಾಣಲೆಯಲ್ಲಿ ಕೈಯಿಟ್ಟು ಗೂಡಿನ ಎಳೆ ಹೆಕ್ಕಿ ಅವನ ಬೆರಳ ತುದಿಗಳು ಬೆಂದು ಬಿಳಿಚಿಕೊಂಡಿದ್ದವು. ಅಲ್ಲಿಂದ ಅವನನ್ನು ಪಾರು ಮಾಡಿದ್ದು ರಾಕೆಟ್ಟು. ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಹೆಂಡತಿಯೊಂದಿಗೆ ಸಂಸಾರ ಹೂಡಿದ್ದ. ಚನ್ನಪಟ್ಟಣದವನು ಅಕ್ಕೂರಿನ ಒಕ್ಕಲು ಮನೆಯವನು. ಹಿಪ್ಪುನೇರಳೆ ತೋಟವನ್ನು ಮನೆಯವರಿಗೆ ಬಿಟ್ಟು ಬಂದಿದ್ದ.

ಇಬ್ಬರೂ ಎಂದೂ ಎದುರುಬದುರು ಆಡಿರಲಿಲ್ಲ. ಅಂಕಣವಿದ್ದದ್ದು ಮೆಂಬರುಗಳಿಗೆ. ಆದ್ದರಿಂದಲೇ ಯಾರು ಮೇಲು ಎಂಬ ಜಗಳ ಒಂದಿಷ್ಟೂ ಸವೆಯದೆ ಉಳಿದಿತ್ತು. "ಆ ರಾಮನಗರದೋನ ಬ್ಯಾಕ್‌ಹ್ಯಾಂಡು ನಮ್ಮವ್ವ ರೊಟ್ಟಿ ಮಗುಚ್ದಂಗೈತೆ ಅಂತ ಹೇಳ್ಬುಡಣ್ಣ" ಎಂದು ಚನ್ನಪಟ್ಟಣದಲ್ಲಿ ಬಸ್ಸು ಹತ್ತಿದ ಮಾತು ಸ್ವಲ್ಪ ಹೊತ್ತಿಗೆಲ್ಲ ನಮ್ಮಲ್ಲಿ ಇಳಿಯುತ್ತಿತ್ತು. "ಅವನ ಸರ್ವೀಸು ಅವನೂರ ಬೊಂಬೆ ಇದ್ದಂಗೆ. ಮೇಲೆ ಬಣ್ಣ, ಒಳಗೆ ಮರ ಅಂತ ಹೇಳು ಭಾಯ್" ಎಂಬ ಉತ್ತರ ಮುಂದಿನ ಬಸ್ಸಿಗೆ ಹತ್ತುತ್ತಿತ್ತು. ಒಬ್ಬನ ಕ್ಲಬ್ಬಿನ ಮುಂದೆ ಇನ್ನೊಬ್ಬ ಹಾದು ಹೋಗುವಾಗ ಉಗುಳುತ್ತಾನೆಂದೂ ಸುದ್ದಿಯಿತ್ತು. ಹಾದು ಹೋದದ್ದನ್ನು ನಾನು ಕಂಡಿದ್ದೇನೆ. ಉಗುಳಿದ್ದಕ್ಕೆ ಸಾಕ್ಷಿ ಹೇಳಲಾರೆ.

ಕಾಲಕ್ರಮೇಣ ಆಫೀಸರುಗಳಿಗೆ ಟೆನಿಸ್ಸಿಗಿಂತ ಇಸ್ಪೀಟಿನಲ್ಲಿ ವ್ಯಾಯಾಮ ಹೆಚ್ಚೆಂದು ಮನವರಿಕೆಯಾಯಿತು. ಎರಡೂ ಕ್ಲಬ್ಬಿನ ಸಮಿತಿಗಳು ಒಟ್ಟಿಗೆ ಕುಳಿತು, ರಾಜ್ಯ ಹಂಚುವವರ ಗಾಂಭೀರ್ಯದಿಂದ, ಎರಡಕ್ಕೂ ಸೇರಿ ಒಬ್ಬ ಮಾರ್ಕರ್ ಸಾಕೆಂದು ತೀರ್ಮಾನಿಸಿದವು. ನಮ್ಮ ಅಂಕಣದಲ್ಲಿ ಒಂದೇ ಸೆಟ್ಟಿನ ಪಂದ್ಯ. ಗೆದ್ದವನಿಗೆ ಕೆಲಸ.

ಹಿಂದಿನ ದಿನ ನಮ್ಮವನು ಅಂಕಣ ಸಾರಿಸುತ್ತಾ, ತಲೆ ಎತ್ತದೆ ಹೇಳಿದ: "ಸೋತ್ರೆ ಈ ರೂಮು ಹೋಯ್ತದೆ ಸಾರ್. ಅಣ್ಣನ ಬಾಣಲೆ ಮುಂದೆ ಕೂರಬೇಕು. ಅವನು ಬೇಡ ಅನ್ನಲ್ಲ. ಅದೇ ಭಯ."

ಪಂದ್ಯದ ದಿನ ನಾನು ಎತ್ತರದ ಕುರ್ಚಿ ಹತ್ತಿ ಕುಳಿತೆ. ಅಮಲ್ದಾರರು ಮುಂದಿನ ಸಾಲಿನಲ್ಲಿ ಕಾಫಿ ಲೋಟ ಹಿಡಿದು ಕುಳಿತರು. ನಮ್ಮವನು ಹಲ್ಲು ಕಚ್ಚಿ ಮೊದಲ ಚೆಂಡು ಹೊಡೆದ. ಅದು ಎದುರಾಳಿಯ ಬಲಗೈಗೆ, ಸೊಂಟದ ಮಟ್ಟಕ್ಕೆ ಹೋಯಿತು. ಅವನು ಕಣ್ಣು ಕೆಂಪಗೆ ಮಾಡಿ ಹಿಂದಿರುಗಿಸಿದ. ಅದೂ ಬಲಗೈಗೆ, ಸೊಂಟದ ಮಟ್ಟಕ್ಕೆ ಬಂತು. ಬೀಗರಿಬ್ಬರು ತಾಂಬೂಲದ ತಟ್ಟೆಯನ್ನು ನೀವು ತಗೊಳ್ಳಿ ನೀವು ತಗೊಳ್ಳಿ ಎಂದು ತಳ್ಳಾಡಿದ ಹಾಗೆ ಚೆಂಡು ಹೋಯಿತು, ಬಂತು.

"ಏನ್ಲಾ, ನಾನೇನ್ ನಿಮ್ಮ ಅಮಲ್ದಾರ್ರಾ? ಒಸಿ ದೂರಕ್ಕೊಡೀಲಾ!" ಎಂದು ಚನ್ನಪಟ್ಟಣದವನು ಕೂಗಿದ.

"ನೀನ್ ಮೊದ್ಲು ಹೊಡಿ! ಮಗೂಗೆ ಅನ್ನ ತಿನ್ನಿಸ್ದಂಗೆ ಕೊಡ್ತಿದೀಯಲ್ಲೋ, ಶರಮ್ ಇಲ್ವಾ?"

"ಕೈ ಮಾತು ಕೇಳ್ತಿಲ್ಲ ಕಣ್ಲಾ!"

ನಮ್ಮವನ ಕೈಯೂ ಕೇಳುತ್ತಿರಲಿಲ್ಲ. ಬಾಯಿ ಬೈಯುತ್ತಿತ್ತು, ಕೈ ಉಪಚಾರ ಮಾಡುತ್ತಿತ್ತು. ಸಗಣಿಯ ಉಬ್ಬಿಗೆ ಚೆಂಡು ತಾಗಿಯೋ, ದಣಿದ ಕಾಲು ಜಾರಿಯೋ ಮಾತ್ರ ಪಾಯಿಂಟುಗಳು ಬಿದ್ದವು. ಮೊದಮೊದಲು ಭೇಷ್ ಎನ್ನುತ್ತಿದ್ದ ಅಮಲ್ದಾರರು ಬರಬರುತ್ತಾ ಭೇಷ್ ಬಿಟ್ಟು ಚೆಂಡನ್ನೇ ನೋಡತೊಡಗಿದರು. ಆ ಚೆಂಡು ಅವರಿಗೆ ಚೆನ್ನಾಗಿ ಪರಿಚಯವಿದ್ದದ್ದು. ಅವರ ಲೋಟದ ಕಾಫಿ ಹಾಗೆಯೇ ಕೆನೆಗಟ್ಟಿತು.

ಐದು–ನಾಲ್ಕರಲ್ಲಿ ಚನ್ನಪಟ್ಟಣದವನು ಮುಂದಿದ್ದ. ಗೆಲ್ಲಲು ಇನ್ನೊಂದೇ ಪಾಯಿಂಟು ಬೇಕಿತ್ತು. ಆಗ ಅವನ ಕಾಲು ಜಾರಿತು. ಅವನು ಹೊಡೆದ ಚೆಂಡು ಮೇಲಕ್ಕೆ ಹಾರಿ ಬಲೆಯ ಹತ್ತಿರವೇ ಇಳಿಯಿತು. ಅವನು ಮೊಣಕಾಲೂರಿ ನೆಲದ ಮೇಲಿದ್ದ, ಅವನ ಬದಿಯ ಅಂಕಣವೆಲ್ಲ ಖಾಲಿ. ಎಲ್ಲಿಗೆ ಹೊಡೆದರೂ ಸಾಕಿತ್ತು. ನಮ್ಮವನು ರಾಕೆಟ್ ಎತ್ತಿದ, ಖಾಲಿ ಜಾಗವನ್ನು ನೋಡಿದ, ಹೊಡೆದ.

ಚೆಂಡು ಬಲೆಯ ನಡುಮಧ್ಯಕ್ಕೆ ಬಡಿಯಿತು. ಅವನ ಮುಖದಲ್ಲಿ ಅಯ್ಯೋ ಎಂಬ ಭಾವ ಬಂತು, ಎಷ್ಟೋ ಸಂಜೆಗಳಲ್ಲಿ ನಾನು ಕಂಡಿದ್ದ ಅದೇ ಭಾವ. ಬಾಯಿ ತಾನಾಗಿ ಹೇಳಿತು: "ವೆಲ್ ಪ್ಲೇಡ್, ಸರ್."

ಚನ್ನಪಟ್ಟಣದವನು ಎದ್ದು, ಸಗಣಿ ಮೆತ್ತಿದ ಮೊಣಕಾಲನ್ನು ಒರೆಸಿಕೊಳ್ಳದೆ ಬಲೆಯ ಬಳಿಗೆ ಬಂದ. "ನನ್ನಾ ಸರ್ ಅಂದ್ಬುಟ್ಯಾ?" ಎಂದ, ತೀರ ಮೆಲ್ಲಗೆ. ಆಮೇಲೆ ನನ್ನತ್ತ ತಿರುಗಿ, "ಸ್ವಾಮಿ, ಇದು ಲೆಕ್ಕಕ್ಕಿಲ್ಲ. ಇವ್ನು ಬುಟ್ಕೊಟ್ಟವ್ನೆ. ಇನ್ನೊಂದ್ ದಪ ಆಡ್ತೀವಿ."

"ಬಿಟ್ಟುಕೊಟ್ಟಿಲ್ಲ ಸಾರ್" ಎಂದ ನಮ್ಮವನು. ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ. "ಖುದಾ ಕಸಂ, ಗೆಲ್ಲಬೇಕಂತಲೇ ಹೊಡೆದೆ. ಅದು ಅಲ್ಲಿಗೆ ಹೋಯ್ತು."

ನಾನು ಅಮಲ್ದಾರರ ಮುಖ ನೋಡಿದೆ. ಅವರು ಆಗಲೇ ಎದ್ದು ಇಸ್ಪೀಟಿನ ಕೋಣೆಯತ್ತ ಹೊರಟಿದ್ದರು. "ಆಯ್ತಲ್ಲ, ಸ್ಕೋರ್ ಹೇಳಿ ಮುಗಿಸ್ರೀ" ಎಂದರು, ಹಿಂದಿರುಗಿ ನೋಡದೆ.

ಕುರ್ಚಿಯ ಮೇಲಿಂದ ಹೇಳಿದೆ: ಆರು–ನಾಲ್ಕು, ಚನ್ನಪಟ್ಟಣ. ನಮ್ಮವನು ಆ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಿ ಅಣ್ಣನ ಬಾಣಲೆಯ ಮುಂದೆ ಕುಳಿತ.