ಗಾಜು ಏರಿಸಿದ ಮೇಲಿನ ಹೆಸರು

ನಮ್ಮ ಕ್ವಾನೊಬುಹ್ಲೆಯಲ್ಲಿ ಕಾರು ಓಡಿಸುವ ಹೆಂಗಸರಲ್ಲಿ ಹೆಚ್ಚಿನವರು ರಿವರ್ಸ್ ಹೋಗುವಾಗ ಕನ್ನಡಿ ನೋಡುವುದಕ್ಕಿಂತ ಹೆಚ್ಚಾಗಿ ಹಿಂಬದಿಯ ಎಡಗಿಟಕಿಯನ್ನು ನೋಡುತ್ತಾರೆ. ಅದು ಮಾಭೇಲೆ ಕಲಿಸಿದ ಅಭ್ಯಾಸ. ನನಗೂ ಅವರೇ ಕಲಿಸಿದ್ದು. ಅವರ ಕಾರಿನ ಆ ಗಾಜಿನ ಮೇಲೆ ಉಗುರಿನಷ್ಟು ಕೆಂಪು ಟೇಪು ಇರುತ್ತಿತ್ತು. ಹಿಂದೆ ನೆಟ್ಟ ಕಂಬ ಆ ಟೇಪಿನ ಮರೆಗೆ ಬಂದ ತಕ್ಷಣ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಬೇಕು. ಹಾಗೆ ಮಾಡಿದರೆ ಕಾರು ಕಂಬಗಳ ನಡುವೆ ತಾನೇ ಹೋಗಿ ಕೂರುತ್ತದೆ. ಲೈಸೆನ್ಸ್ ಪರೀಕ್ಷೆಯಲ್ಲಿ ಕಾರು ಕಂಬಕ್ಕೆ ಸೋಕಿದರೆ ಅಲ್ಲಿಗೆ ಮುಗಿಯಿತು, ರಸ್ತೆಯ ಪರೀಕ್ಷೆಗೆ ಕರೆದುಕೊಂಡೇ ಹೋಗುವುದಿಲ್ಲ.

ಕಾರು ಸಿಟಿ ಗಾಲ್ಫ್. ಒಂದು ಕಾಲದಲ್ಲಿ ಕೆಂಪಗಿತ್ತು, ನಾನು ಈ ಊರಿನ ಶಾಲೆಗೆ ವಿಜ್ಞಾನ ಹೇಳಲು ಬಂದು ಅವರ ಎದುರುಮನೆಯಲ್ಲಿ ನಿಂತಾಗಲೇ ಇಟ್ಟಿಗೆಯ ಬಣ್ಣಕ್ಕೆ ಇಳಿದಿತ್ತು. ಗಾಜು ಏರಿಸಲು ಕೈಯಿಂದ ತಿರುಗಿಸುವ ಹಿಡಿ. ಮಾಭೇಲೆಯ ಗಂಡ ಲುಲಾಮಿಲೆ ಆ ಕಾರು ಮಾಡುವ ಪಕ್ಕದ ಫ್ಯಾಕ್ಟರಿಯಲ್ಲಿ ಬಾಗಿಲು ಜೋಡಿಸುವ ಸಾಲಿನಲ್ಲಿದ್ದವರು. ಆ ಕಾರಿನ ಕಥೆ ಅವರ ಬಾಯಲ್ಲೇ ಕೇಳಬೇಕಿತ್ತು. ಬೇರೆ ದೇಶಗಳಲ್ಲಿ ಹೊಸ ಗಾಲ್ಫ್ ಬಂದಾಗ ಹಳೆಯದು ಹೋಯಿತು. ಇಲ್ಲಿ ಹೊಸದೂ ಬಂತು, ಹಳೆಯದೂ ಉಳಿಯಿತು. ಹಳೆಯ ಅಚ್ಚಿನಲ್ಲೇ, ಸಿಟಿ ಎಂಬ ಹೆಸರಿಟ್ಟು, ಕೈಗೆಟುಕುವ ಬೆಲೆಗೆ ಇಪ್ಪತ್ತೈದು ವರ್ಷ ಮಾಡಿದರು. ಅದು ನಿಂತ ಮೇಲೆ ಪೋಲೊ ಕಾರಿಗೂ ಹಾಗೇ ಆಯಿತು. ಹೊಸ ತಲೆಮಾರಿನ ಪೋಲೊ ಬಂದಾಗ ಹಿಂದಿನ ತಲೆಮಾರಿನದು ವಿವೊ ಎಂಬ ಹೆಸರಿನಲ್ಲಿ ಉಳಿದುಕೊಂಡಿತು. ಈಚೆಗೆ ಕ್ವಾನೊಬುಹ್ಲೆ ಸೇರಿದ ದೊಡ್ಡ ಊರಿಗೇ ಹೆಸರು ಬದಲಾಗಿ ಯೂಟನ್‌ಹೇಗ್ ಹೋಗಿ ಕರಿಯೇಗ ಆಯಿತು.

ಸಿಟಿ ಗಾಲ್ಫ್ ಮನೆಗೆ ತಂದ ದಿನ ಲುಲಾಮಿಲೆ ಹೆಂಡತಿಗೆ ಹೇಳಿದರಂತೆ: “ನಿನ್ನ ಹಂಗೇ ಕಣೆ ಇದು. ಮೈ ಅದೇ, ಹೆಸರು ಮಾತ್ರ ಬೇರೆ. ಒಂದೇ ವ್ಯತ್ಯಾಸ, ಇದಕ್ಕೆ ಸಿಟ್ಟು ಬರಲ್ಲ.”

ಮಾಭೇಲೆ ಎಂದರೆ ಭೇಲೆ ಕುಲದ ಮಗಳು. ಮದುವೆಯಾದ ಹೆಂಗಸನ್ನು ಬೀದಿಯವರು ತವರಿನ ಕುಲ ಹಿಡಿದು ಕರೆಯುವುದೇ ಇಲ್ಲಿ ಮರ್ಯಾದೆ. ಗಂಡನ ಮನೆಯವರು ಮದುವೆಯ ದಿನ ಇಟ್ಟ ಹೆಸರು ನೊಸಾಫೊ, ಕುಟುಂಬದ ತಾಯಿ. ಮಕ್ಕಳಾಗಲಿಲ್ಲ. ಹೆಸರು ಹಾಗೇ ಉಳಿಯಿತು. ಹುಟ್ಟಿದಾಗ ಅಪ್ಪ ಇಟ್ಟ ಹೆಸರು ವುಯೆಲ್ವಾ ಎಂಬುದು ನನಗೆ ಎಷ್ಟೋ ವರ್ಷ ತಿಳಿದಿರಲಿಲ್ಲ. ಅತ್ತೆ ಕಟ್ಟುನಿಟ್ಟಿನವರು. ಸೊಸೆಯ ಹುಟ್ಟುಹೆಸರು ತನ್ನ ಅಂಗಳದಲ್ಲಿ ಕೇಳಿಸಬಾರದು ಎಂದಿದ್ದರು. ಲುಲಾಮಿಲೆಯೂ ಆ ಹೆಸರನ್ನು ಒಂದು ದಿನವೂ ಆಡಲಿಲ್ಲ. ಅತ್ತೆ ಹೋದ ಮೇಲೆ ಹಿತ್ತಿಲಿನ ಕೋಣೆಯಲ್ಲಿರುವ ಲುಲಾಮಿಲೆಯ ಅಕ್ಕ ನೊಬಂಟು ಆ ಕಾವಲನ್ನು ಮುಂದುವರಿಸಿದರು. ತವರಿನಲ್ಲಿ ಅಮ್ಮ, ಆಮೇಲೆ ಅಣ್ಣಂದಿರು ಒಬ್ಬೊಬ್ಬರಾಗಿ ಹೋದರು. ಕೊನೆಗೆ ಲುಲಾಮಿಲೆಯೂ ಹೋದರು. ಆಮೇಲೆ ಮಾಭೇಲೆ ಎಡಗಡೆಯ ಸೀಟಿನಲ್ಲಿ ಕುಳಿತು ಊರಿನ ಜನಕ್ಕೆ ಕಾರು ಕಲಿಸುತ್ತಾ ಬಂದರು. ದಿನವಿಡೀ ಪಕ್ಕದಲ್ಲಿ ಯಾರಾದರೂ ಇರುತ್ತಿದ್ದರು. ಆದರೆ ಅವರೆಲ್ಲರ ಕಣ್ಣು ರಸ್ತೆಯ ಮೇಲೆ.

ಪುಮ್ಲಾ ಬಂದದ್ದು ಒಂದು ಚಳಿಗಾಲದ ಬೆಳಿಗ್ಗೆ. ಅವರ ಗಂಡ ನಿವೃತ್ತರಾಗಿ ನಮ್ಮ ಕಡೆ ಮನೆ ಮಾಡಿ, ಒಂದು ಬಿಳಿ ವಿವೊ ಕೊಂಡು, ಹೆಚ್ಚು ದಿನ ಓಡಿಸದೇ ತೀರಿಕೊಂಡಿದ್ದರು. ಇಲ್ಲಿನ ವಿಧವೆಯರ ಪದ್ಧತಿಯಂತೆ ಒಂದು ವರ್ಷ ಪುಮ್ಲಾ ಕಪ್ಪು ಬಟ್ಟೆ ತೊಟ್ಟು ಮನೆಯೊಳಗಿದ್ದರು. ಆ ಬಟ್ಟೆ ಕಳಚಿದ ವಾರವೇ, ವಯಸ್ಸಾದವರಿಗೆ ಕೂಗಾಡದೆ ಕಲಿಸುವ ಮಾಭೇಲೆ ಯಾರೆಂದು ವಿಚಾರಿಸಿಕೊಂಡು ಬಂದರು. ಮಗಳು ದೂರದ ಕೊಮಾನಿಯಲ್ಲಿದ್ದಳು, ಬಾಣಂತಿ. ಕಾರು ಕಲಿತುಕೊಂಡು ಬಾ, ಇಲ್ಲೇ ಇರು ಎನ್ನುತ್ತಿದ್ದಳು.

ಗೇಟು ತೆರೆದವರನ್ನು ಪುಮ್ಲಾ ಒಂದು ಕ್ಷಣ ನೋಡಿದರು. ಆಮೇಲೆ “ವುಯೆಲ್ವಾ?” ಎಂದರು. ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು, ಶಾಲೆಯ ನೆಟ್‌ಬಾಲ್ ತಂಡದಲ್ಲಿ ಒಟ್ಟಿಗೆ ಆಡಿದವರು. ಮದುವೆಯಾದ ಮೇಲೆ ಒಬ್ಬರಿಗೊಬ್ಬರು ಸಿಕ್ಕಿರಲಿಲ್ಲ.

ಬಟ್ಟೆ ಒಣಹಾಕುತ್ತಿದ್ದ ನೊಬಂಟು ತಿರುಗಲೂ ಇಲ್ಲ. “ಈ ಅಂಗಳದಲ್ಲಿ ಆ ಹೆಸರಿನೋರು ಯಾರೂ ಇಲ್ಲ” ಎಂದರು.

ಪುಮ್ಲಾ ತಲೆ ತಗ್ಗಿಸಿ, ತಪ್ಪಾಯ್ತು ಎಂದು, ಮಾಭೇಲೆ ಅವರಲ್ಲಿ ಕಾರು ಕಲಿಯಲು ಬಂದಿದ್ದೇನೆ ಎಂದರು. ಕಾರಿನೊಳಗೆ ಮಾಭೇಲೆಯ ಪಕ್ಕ ಕುಳಿತು ಬಾಗಿಲು ಹಾಕಿಕೊಂಡರು. ಹಿಡಿ ತಿರುಗಿಸಿ ಗಾಜನ್ನು ಕೊನೆಯವರೆಗೂ ಏರಿಸಿದರು. ಆಮೇಲೆ ಅದೇ ಹೆಸರನ್ನು ಮತ್ತೆ ಹೇಳಿದರು. ಅವತ್ತು ಕಾರು ಸ್ಟಾರ್ಟ್ ಆಗಲು ಬಹಳ ಹೊತ್ತು ಹಿಡಿಯಿತು. ನಾನು ಎದುರಿನ ಕಿಟಕಿಯಿಂದ ನೋಡಿ, ಬ್ಯಾಟರಿ ಇಳಿದಿರಬೇಕು ಎಂದುಕೊಂಡೆ.

ಅಲ್ಲಿಂದ ಮುಂದೆ ನಿಯಮ ಹಾಗೆಯೇ ಆಯಿತು. ಗೇಟಿನಲ್ಲಿ ಮಾಭೇಲೆ, ಗಾಜು ಏರಿಸಿದ ಮೇಲೆ ವುಯೆಲ್ವಾ. ಬೇಸಿಗೆ ಬಂದು ಉಳಿದವರೆಲ್ಲ ಗಾಜು ಇಳಿಸಿ ಓಡಿಸುವಾಗಲೂ ಆ ಇಟ್ಟಿಗೆ ಬಣ್ಣದ ಕಾರು ಮಾತ್ರ ಮುಚ್ಚಿಕೊಂಡು ಹೋಗುತ್ತಿತ್ತು. ಒಳಗೆ ಇಬ್ಬರು ಹೆಂಗಸರು ಬೆವರುತ್ತಾ ನಗುತ್ತಿದ್ದರು. ಮುಚ್ಚಿದ ಶಾಲೆಯೊಂದರ ನೆಟ್‌ಬಾಲ್ ಅಂಗಳದಲ್ಲಿ ಮಾಭೇಲೆ ಬಣ್ಣದ ಡಬ್ಬಿಗಳಿಗೆ ಸಿಮೆಂಟು ತುಂಬಿ ಕಂಬ ನಿಲ್ಲಿಸಿದ್ದರು. ಪುಮ್ಲಾ ಬ್ರೇಕಿನಿಂದ ಕಾಲು ತೆಗೆಯುತ್ತಿರಲಿಲ್ಲ. ಬಿಡು, ಬಿಡು ಎಂದರೆ ತಿರುಗಿ ಬೀಳುತ್ತಿದ್ದರು: “ಇದೇ ಅಂಗಳದಂಥ ಅಂಗಳದಲ್ಲಿ ನೀನು ಒಂದು ದಿನ ಆದ್ರೂ ನನಗೆ ಬಾಲ್ ಬಿಟ್ಕೊಟ್ಟಿದೀಯೇನೆ? ಈಗ ನನಗೆ ಬಿಡು ಅನ್ನೋಕೆ ಬಂದ್ಲು.”

ಇದನ್ನೆಲ್ಲ ಮಾಭೇಲೆ ಆಮೇಲೆ ನನಗೆ ಹೇಳಿದ್ದು. ಆಗ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಪುಮ್ಲಾಗೆ ಕ್ಲಚ್ಚಿನ ಹದ ಬಂದಿತ್ತು, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದೆ ಎತ್ತುವುದು ಬಂದಿತ್ತು. ಅವರಾದ ಮೇಲೆ ಸೇರಿದವರು ಲೈಸೆನ್ಸ್ ತೆಗೆದುಕೊಂಡು ಹೋಗಿದ್ದರು. ಪರೀಕ್ಷೆಗೆ ದಿನ ಗೊತ್ತುಮಾಡುವ ಮಾತು ಬಂದಾಗ ಮಾತ್ರ ಮಾಭೇಲೆ ಇನ್ನೂ ಸ್ವಲ್ಪ ಬಲಿಯಬೇಕು ಎನ್ನುತ್ತಿದ್ದರು. ಪ್ರತಿ ಭಾನುವಾರ ಕೊಮಾನಿಯಿಂದ ಮಗಳ ಫೋನು. ಕೊನೆಗೆ ಪುಮ್ಲಾ ತಾವೇ ಹೋಗಿ ದಿನ ಗೊತ್ತುಮಾಡಿಕೊಂಡು ಬಂದರು. ಗಂಡನ ವಿವೊದಲ್ಲೇ ಪರೀಕ್ಷೆ ಕೊಡುತ್ತೇನೆ, ಓಡಿಸಬೇಕಾದದ್ದು ಅದನ್ನೇ ತಾನೆ ಎಂದರು.

ಮಾಭೇಲೆ ವಿವೊವನ್ನು ರಸ್ತೆಯಲ್ಲಿ ಓಡಿಸಲು ಹೇಳಿಕೊಟ್ಟರು. ಕಂಬಗಳ ಅಭ್ಯಾಸಕ್ಕೆ ಗಾಲ್ಫೇ ಸಾಕು ಎಂದರು. ಪರೀಕ್ಷೆಯ ಬೆಳಿಗ್ಗೆ ವಿವೊದ ಹಿಂಬದಿಯ ಎಡ ಗಾಜಿಗೆ ಅಂಗೈ ಚಾಚಿ, ಚೌಕಟ್ಟಿಗೆ ಹೆಬ್ಬೆರಳು ತಾಗಿಸಿ, ಕಿರುಬೆರಳು ಬಂದ ಕಡೆ ಕೆಂಪು ಟೇಪು ಅಂಟಿಸಿದರು. ಗಾಲ್ಫಿನಲ್ಲಿ ಟೇಪು ಇದ್ದದ್ದು ಅಲ್ಲಿಯೇ.

ಆದರೆ ಟೇಪು ಬರಿಯ ಗಾಜಿನ ಗುರುತಲ್ಲ. ಓಡಿಸುವವರ ಕಣ್ಣು, ಗಾಜು, ಹಿಂದಿನ ಚಕ್ರ, ಈ ಮೂರೂ ಎಲ್ಲಿವೆ ಎಂಬುದರ ಲೆಕ್ಕ ಅದು. ಸಿಟಿ ಗಾಲ್ಫಿನ ಕಿಟಕಿಗಳ ಅಂಚು ತಗ್ಗು, ಗಾಜು ಅಗಲ. ತಲೆಮಾರು ಕಳೆದಂತೆ ಈ ಸಣ್ಣ ಕಾರುಗಳು ಮೈ ತುಂಬಿಕೊಂಡವು. ಕಿಟಕಿಯ ಅಂಚು ಮೇಲಕ್ಕೇರಿತು, ಗಾಜು ಹಿಂದೆ ಹೋದಂತೆ ಕಿರಿದಾಯಿತು, ಸೀಟು ಎತ್ತರವಾಯಿತು. ಪೋಲೊ ಎಂದರೆ ಗಾಲ್ಫಿಗಿಂತ ಚಿಕ್ಕದು ಎಂದೇ ಲೆಕ್ಕ. ಆದರೂ ಪುಮ್ಲಾ ಅವರ ವಿವೊ ಹಳೆಯ ಗಾಲ್ಫಿಗಿಂತ ಉದ್ದ. ಹಳೆಯ ಗುರುತು ಇಟ್ಟರೆ ಕಂಬ ಅದರ ಹಿಂದೆ ತಡವಾಗಿ ಬರುತ್ತದೆ, ತಿರುವೂ ತಡವಾಗುತ್ತದೆ. ಇದು ಮಾಭೇಲೆಗೆ ಗೊತ್ತಿಲ್ಲದ ವಿಷಯವಲ್ಲ. ಬೇರೆಯವರ ವಿವೊಗಳಲ್ಲಿ ಅವರೇ ಟೇಪು ಸರಿಸಿ ಸರಿಸಿ ನೋಡಿ ಅಂಟಿಸಿಕೊಟ್ಟಿದ್ದರು.

ವಿವೊ ಹಿಂಬದಿಯ ಕಂಬಕ್ಕೆ ಸೋಕಿತು. ಕಂಬ ಬೀಳಲಿಲ್ಲ, ಅಲ್ಲಾಡಿತು ಅಷ್ಟೆ. ಪರೀಕ್ಷಕರು ಕೈ ಎತ್ತಿದರು.

ಬೇಲಿಯಾಚೆ ನಿಂತಿದ್ದ ಮಾಭೇಲೆಗೆ ಆ ಕೈ ಕಂಡ ಕ್ಷಣ ಎದೆ ಹಗುರವಾಯಿತಂತೆ. ಮರುಪರೀಕ್ಷೆಗೆ ಇನ್ನೂ ವಾರಗಟ್ಟಲೆ ಕಾಯಬೇಕು. ಹಗುರವಾದದ್ದು ಗೊತ್ತಾದ ಕೂಡಲೇ ಬೇಲಿಯ ತಂತಿ ಹಿಡಿದುಕೊಂಡರಂತೆ.

ಪುಮ್ಲಾ ಓಡಿಸುವ ಸೀಟಿನಿಂದ ಇಳಿದು ಹಿಂದಿನ ಸೀಟಿಗೆ ಬಂದು ಕುಳಿತರು. ಮಾಭೇಲೆ ಮುಂದೆ ಕುಳಿತು ಗಾಜು ಏರಿಸಿದರು. ಪುಮ್ಲಾ ಬದುಕಿದ್ದು ಶಾಲಾ ಸಮವಸ್ತ್ರ ಹೊಲಿದು. ಟೇಪನ್ನು ಸ್ವಲ್ಪ ಹೊತ್ತು ನೋಡಿ, ಚೌಕಟ್ಟಿಗೆ ಹೆಬ್ಬೆರಳು ತಾಗಿಸಿ ಅಂಗೈ ಚಾಚಿದರು. ಕಿರುಬೆರಳು ಟೇಪಿನ ಮೇಲೆ ಬಂತು. ಗಾಲ್ಫಿನಲ್ಲಿ ಎಷ್ಟೋ ಸಲ ಕಂಡ ಅಳತೆ.

“ಹಳೇ ಅಳತೆ ಹಿಡ್ಕೊಂಡು ಹೊಸ ಮೈಗೆ ಹೊಲಿದಿದೀರಿ, ಮಾಭೇಲೆ” ಎಂದರು.

ಗಾಜು ಏರಿಸಿತ್ತು. ಆದರೂ ಪುಮ್ಲಾ ಕರೆದದ್ದು ಮಾಭೇಲೆ ಎಂದು, ನೀನು ಹೋಗಿ ನೀವು ಆಯಿತು.

ಆಮೇಲೆ ಪುಮ್ಲಾ ಈ ಕಡೆ ಬರುವುದು ನಿಂತಿತು. ಮಾಭೇಲೆ ಉಳಿದವರಿಗೆ ಕಲಿಸುತ್ತಿದ್ದರು, ಗಾಜು ಇಳಿಸಿಕೊಂಡು. ಬೀದಿಯಲ್ಲಿ ಬಿಳಿ ವಿವೊ ಕಂಡರೆ ತಿರುಗಿ ನೋಡುತ್ತಿದ್ದರು. ನಮ್ಮ ಊರಿನಲ್ಲಿ ಬಿಳಿ ವಿವೊಗಳಿಗೆ ಲೆಕ್ಕವಿಲ್ಲ. ಒಂದು ಶನಿವಾರ ಮಧ್ಯಾಹ್ನ ನನ್ನ ಬಾಗಿಲಿಗೆ ಬಂದು, ಒಂದು ಕಂಬ ಹಿಡಿದು ನಿಲ್ಲಲು ಜನ ಬೇಕು ಟೀಚರ್, ಬರ್ತೀರಾ ಎಂದರು. ಪುಮ್ಲಾ ಅವರ ಮನೆಗೆ ತಾವೇ ಹೋಗಿ, ಟೇಪು ಸರಿ ಮಾಡಿಕೊಡುತ್ತೇನೆ ಎಂದು ಹೇಳಿ ಒಪ್ಪಿಸಿ ಬಂದಿದ್ದರು.

ನೆಟ್‌ಬಾಲ್ ಅಂಗಳದಲ್ಲಿ ಗಾಳಿ ಬೀಸುತ್ತಿತ್ತು. ಡಬ್ಬಿಯಿಂದ ಸಡಿಲಾದ ಕಂಬವನ್ನು ನಾನು ವಿವೊದ ಹಿಂದೆ ಹಿಡಿದು ನಿಂತೆ. ಪುಮ್ಲಾ ಓಡಿಸುವ ಸೀಟಿನಲ್ಲಿ ಕುಳಿತರು, ಗುರುತು ಅವರ ಕಣ್ಣಿಗೇ ಹೊಂದಬೇಕಲ್ಲ. ಧೂಳು ಬರುತ್ತದೆಂದು ಗಾಜುಗಳನ್ನೆಲ್ಲ ಏರಿಸಿದ್ದರು. ಮಾಭೇಲೆ ಹೊರಗಿನಿಂದ ಹಿಂಬದಿ ಗಾಜಿನ ಮೇಲೆ ಬೆರಳಿಟ್ಟು ಇಷ್ಟಿಷ್ಟೇ ಸರಿಸುತ್ತಿದ್ದರು. ಕಾರು ಸ್ವಲ್ಪ ಹಿಂದೆ, ನಿಲ್ಲುವುದು, ಬೆರಳು ಸರಿಸುವುದು, ಮತ್ತೆ ಮೊದಲಿನ ಜಾಗಕ್ಕೆ. ಪುಮ್ಲಾ ತಲೆಯಾಡಿಸಿ ಅಲ್ಲ ಎನ್ನುತ್ತಿದ್ದರು. ಕೊನೆಗೆ ಒಮ್ಮೆ ಕಾರು ಸರಿಯಾಗಿ ನಡುವೆ ಬಂದು ನಿಂತಿತು. ಪುಮ್ಲಾ ಹೌದು ಎಂದು ತಲೆ ಆಡಿಸಿದರು.

ಮಾಭೇಲೆ ಬೆರಳು ತೆಗೆಯಲಿಲ್ಲ. ಗಾಜಿಗೆ ಮುಖವಿಟ್ಟು, ಒಳಗಿನವರಿಗೋ ಗಾಜಿಗೋ ಎಂಬಂತೆ ಹೇಳಿದರು: “ನೀನು ಹೋದ್ರೆ ಆ ಹೆಸರಲ್ಲಿ ನನ್ನ ಕರೆಯೋರು ಇನ್ನಾರೂ ಇಲ್ಲ ಕಣೆ. ಅದಕ್ಕೇ ಮಾಡಿದ್ದು.”

ಕಂಬ ಹಿಡಿದ ನನಗೆ ಅದು ಕೇಳಿಸಿತು. ಪುಮ್ಲಾ ಗಾಜನ್ನು ಸ್ವಲ್ಪ ಇಳಿಸಿದರು. “ಏನಂದ್ರಿ?”

“ಏನಿಲ್ಲ. ಟೇಪ್ ಕೊಡಿ.”

ಮಾಭೇಲೆ ಒಳಗೆ ಬಂದು ಬೆರಳಿನ ಗುರುತಿದ್ದ ಕಡೆಯೇ ಅಂಟಿಸಿದರು. ವಾಪಸು ನಡೆದು ಬರುವಾಗ ದಾರಿಯಲ್ಲಿ ನನಗೆ ಮೊದಲಿನಿಂದ ಎಲ್ಲವನ್ನೂ ಹೇಳಿದರು.

ಎರಡನೆಯ ಸಲ ಪುಮ್ಲಾ ಪಾಸಾದರು. ಮಾಭೇಲೆ ಅವತ್ತು ಪರೀಕ್ಷೆಯ ಜಾಗಕ್ಕೆ ಹೋಗಿರಲಿಲ್ಲ. ಸುದ್ದಿ ಬೇರೆ ಕಲಿಯುವವರ ಬಾಯಿಂದ ಬಂತು.

ಕೊಮಾನಿಗೆ ಹೊರಟ ದಿನ ಬಿಳಿ ವಿವೊ ನಮ್ಮ ಬೀದಿಗೆ ಬಂತು. ಹಿಂದಿನ ಸೀಟಿನಲ್ಲಿ ಹೊಲಿಗೆ ಯಂತ್ರ, ಅದರ ಮೇಲೆ ಕಂಬಳಿಗಳು. ಟೇಪು ಹಾಗೇ ಇತ್ತು. ನೊಬಂಟು ಅಂಗಳದಲ್ಲಿ ಹಾಸಿಗೆಯ ಬಟ್ಟೆ ಒಣಹಾಕುತ್ತಿದ್ದರು. ಹಾರನ್ ಕೇಳಿ ಮಾಭೇಲೆ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದೇ ಗೇಟಿಗೆ ಬಂದರು. ಪುಮ್ಲಾ ಇಳಿಯಲಿಲ್ಲ. ಗಾಜನ್ನು ಪೂರ್ತಿ ಕೆಳಗೆ ಇಳಿಸಿದರು. ನಾನು ನನ್ನ ಮೆಟ್ಟಿಲ ಮೇಲಿದ್ದೆ, ಪಕ್ಕದ ಮನೆಯವರೂ ಹೊರಗಿದ್ದರು.

“ವುಯೆಲ್ವಾ,” ಎಂದರು, ಇಡೀ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ. “ಹೋಗ್ಬರ್ತೀನಿ ಕಣೆ.”

ಬಲಕ್ಕೆ ಇಂಡಿಕೇಟರ್ ಹಾಕಿ, ಭುಜದ ಮೇಲಿಂದ ತಿರುಗಿ ನೋಡಿ, ಕಲಿಸಿದ ಹಾಗೆಯೇ ಹೊರಟರು. ಕಾರು ತಿರುವಿನಲ್ಲಿ ಮರೆಯಾಯಿತು.

ನೊಬಂಟು ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದರು. ಅದನ್ನು ತೆಗೆದು ಕೇಳಿದರು: “ಯಾರನ್ನ ಕರೆದಿದ್ದು ಅವಳು?”

“ನನ್ನ” ಎಂದರು ಮಾಭೇಲೆ.

ನೊಬಂಟು ಬಟ್ಟೆಗೆ ಕ್ಲಿಪ್ಪು ಹಾಕಿದರು. ಆ ಹೆಸರು ಬೀದಿಗೆಲ್ಲ ಗೊತ್ತಾಯಿತು, ಆದರೆ ಯಾರೂ ಅದನ್ನು ಹಿಡಿದು ಕರೆಯಲಿಲ್ಲ. ನಾನೂ ಕರೆಯಲಿಲ್ಲ, ಕರೆಯುವ ಸಲುಗೆ ನನ್ನದಲ್ಲ. ಕೊಮಾನಿಯಿಂದ ಮೊದಮೊದಲು ಫೋನು ಬರುತ್ತಿತ್ತು. ಆಗ ಮಾಭೇಲೆ ಫೋನು ಹಿಡಿದು ಗಾಲ್ಫಿನೊಳಗೆ ಹೋಗಿ ಕೂರುತ್ತಿದ್ದರು. ಮೊಮ್ಮಗು ನಡೆಯತೊಡಗಿದ ಮೇಲೆ ಅದೂ ಅಪರೂಪವಾಯಿತು.

ಗಾಲ್ಫ್ ಮಾರಿ ಹೊಸ ತಲೆಮಾರಿನದು ತಗೊಳ್ಳಿ, ಇದರ ಬಿಡಿಭಾಗ ಎಲ್ಲಿ ಸಿಗುತ್ತೆ ಎಂದು ಜನ ಹೇಳುತ್ತಾರೆ. ನೋಡೋಣ ಎನ್ನುತ್ತಾರೆ ಮಾಭೇಲೆ. ಕಲಿಯುವವರು ಬರುವುದಕ್ಕೆ ಸ್ವಲ್ಪ ಮುಂಚೆ, ಈಗಲೂ, ಎಡಗಡೆಯ ಸೀಟಿನಲ್ಲಿ ಒಬ್ಬರೇ ಕುಳಿತಿರುತ್ತಾರೆ. ಫೋನು ಕೈಯಲ್ಲಿರುವುದಿಲ್ಲ. ಬಿಸಿಲಿದ್ದರೂ ಗಾಜು ಏರಿಸಿಯೇ ಇರುತ್ತದೆ, ಒಳಗೆ ತುಟಿ ಅಲ್ಲಾಡುತ್ತಿರುತ್ತದೆ.

ನಿನ್ನೆ ಹೊಸದಾಗಿ ಸೇರಿದ ನರ್ಸ್ ಒಬ್ಬಳು ಬಂದು ಕಿಟಕಿ ತಟ್ಟಿದಳು. ಮಾಭೇಲೆ ಹಿಡಿ ತಿರುಗಿಸಿ ಗಾಜು ಇಳಿಸಿದರು.

“ಮಾಭೇಲೆ, ಶುರು ಮಾಡೋಣ್ವಾ?”

“ಮೊದಲು ಕಾರಿನ ಸುತ್ತ ಒಂದು ಸುತ್ತು ಹಾಕ್ಕೊಂಡು ಬಾ,” ಎಂದರು. “ನಿಧಾನಕ್ಕೆ ನೋಡು. ನಾಲ್ಕು ಟೈರೂ, ಕೆಳಗಡೆನೂ. ಅವಸರ ಏನಿಲ್ಲ.”

ಅವಳು ಸುತ್ತು ಹಾಕಲು ಹೋದಳು. ಮಾಭೇಲೆ ಗಾಜನ್ನು ಮತ್ತೆ ಏರಿಸಿದರು.