ಪರದೆಯ ಹಿಂದಿನ ಎಡಗೈ ಪೂಜೆ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಾನು ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಮಂಡಿಯ ಕೆಲಸಕ್ಕೆ ಹೊನ್ನಾಳಿಗೋ ನ್ಯಾಮತಿಗೋ ಹೋದಾಗ ಅಲ್ಲಿ ಸಿನಿಮಾ ಟೆಂಟು ಬಿದ್ದಿದ್ದರೆ ನೋಡದೆ ಮರಳುತ್ತಿರಲಿಲ್ಲ. ನೋಡಿದ್ದನ್ನು ಊರು, ತಾರೀಖು ಸಮೇತ ದಿನಚರಿಯಲ್ಲಿ ಬರೆದು, ಎದುರಿಗೆ ಒಳ್ಳೆಯದು ಇಲ್ಲವೇ ಕೆಟ್ಟದ್ದು ಎಂದು ಗುರುತು ಹಾಕುತ್ತಿದ್ದೆ. ವರ್ಷದ ಕೊನೆಗೆ ಕೂಡಿಸಿದರೆ ಒಳ್ಳೆಯದನ್ನು ಎಣಿಸಲು ಒಂದು ಕೈಯ ಬೆರಳೇ ಹೆಚ್ಚಾಗುತ್ತಿತ್ತು.

ಅಷ್ಟು ಹೇಸಿಗೆ ಹುಟ್ಟಿಸುತ್ತಿದ್ದವು ಆ ಚಿತ್ರಗಳು. ನ್ಯಾಮತಿಯಲ್ಲಿ ನೋಡಿದ್ದೊಂದರಲ್ಲಿ ತಪಸ್ಸಿಗೆ ಕುಳಿತ ಋಷಿಯ ಮಣಿಕಟ್ಟಿನ ಮೇಲೆ ಗಡಿಯಾರ ಕಟ್ಟಿ ಕಟ್ಟಿ ಬಿದ್ದ ಬಿಳಿ ಪಟ್ಟೆ ಎದ್ದು ಕಾಣುತ್ತಿತ್ತು. ಇನ್ನೊಂದರಲ್ಲಿ ಮಗುವಿಗೆ ಜ್ವರ ನೆತ್ತಿಗೇರಿದ್ದರೆ ತಂದೆ ಕೈಚಾಚಿ ಹಾಡಲು ನಿಂತ. ರೀಲು ಮುಗಿದು, ದೀಪ ಹತ್ತಿ, ಜನ ಕಡಲೆಕಾಯಿ ಕೊಂಡು ತಿಂದು, ಹೊಸ ರೀಲು ಏರಿಸಿದರೂ ಅವನ ಹಾಡು ಮುಗಿದಿರಲಿಲ್ಲ. ವೈದ್ಯನನ್ನು ಕರೆಯಬೇಕೆಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಅವ್ವನಿಗೆ ಎರಡೂ ಕಣ್ಣಲ್ಲಿ ಪೊರೆ ಬೆಳೆಯುತ್ತಿತ್ತು. ಅವಳು ಒಂದು ಸಿನಿಮಾವನ್ನೂ ನೋಡಿದವಳಲ್ಲ.

"ಪೂರ್ತಿ ಮುಚ್ಕೊಳ್ಳೋದ್ರೊಳಗೆ ಒಂದು ತೋರ್ಸೋ ತಮ್ಮಾ. ಒಂದೇ ಸಾಕು. ಒಳ್ಳೇದು ಇರ್ಲಿ," ಎನ್ನುತ್ತಿದ್ದಳು.

ನಾನು ತಡೆಯುತ್ತಲೇ ಬಂದೆ. ಉಳಿದಿರುವ ಅಷ್ಟಿಷ್ಟು ಬೆಳಕನ್ನು ಆ ಋಷಿಯ ಮೇಲೆ ಖರ್ಚು ಮಾಡಿಸಲು ಮನಸ್ಸು ಬರಲಿಲ್ಲ. ಕೊನೆಗೆ ಹೊನ್ನಾಳಿಯಲ್ಲಿ ಶಿವಶರಣನೊಬ್ಬನ ಕಥೆ ನೋಡಿದೆ. ಅದೂ ಕೆಟ್ಟದ್ದೇ. ಆದರೆ ಅದರಲ್ಲೊಂದು ಲಿಂಗಪೂಜೆಯ ದೃಶ್ಯವಿತ್ತು. ಶರಣ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು, ಬಲಗೈಯಿಂದ ವಿಭೂತಿ ಧರಿಸಿ, ಪತ್ರೆ ಏರಿಸುತ್ತಿದ್ದ. ಅವ್ವ ದಿನಾ ಬೆಳಿಗ್ಗೆ ಮಾಡುವ ಹಾಗೆಯೇ ಇತ್ತು. ಅದೇ ಟೆಂಟು ಚನ್ನಗಿರಿಗೆ ಬಂದಾಗ ಅವ್ವನನ್ನು ಕರೆದುಕೊಂಡು ಹೋದೆ.

ಆ ಟೆಂಟಿನಲ್ಲಿ ಗಂಡಸರು ಪರದೆಯ ಮುಂದೆ, ಹೆಂಗಸರು ಹಿಂದೆ ಕೂರುವ ಪದ್ಧತಿ. ಬಟ್ಟೆಗೆ ನೀರು ಚಿಮುಕಿಸಿದರೆ ಹಿಂದಿನಿಂದಲೂ ಚಿತ್ರ ಕಾಣುತ್ತದೆ. ನಾನು ಮುಂದೆ ಕುಳಿತು ಪೂಜೆಯ ದೃಶ್ಯಕ್ಕಾಗಿ ಕಾಯುತ್ತಿದ್ದೆ. ಅದು ಬಂತು. ಬಂದೊಡನೆ ಪರದೆಯ ಆಚೆ ಗದ್ದಲವಾಯಿತು. ಎದ್ದು ಸುತ್ತಿ ಹೋಗಿ ನೋಡಿದರೆ ಅವ್ವ ಸೆರಗು ಕೊಡವಿಕೊಂಡು ಹೊರಗೆ ಬರುತ್ತಿದ್ದಳು.

"ನಡಿ ಮನೀಗೆ. ಎಡಗೈಲಿ ಪತ್ರೆ ಏರ್ಸ್ತಾನೆ, ಇವನ್ಯಾವ ಸೀಮೆ ಶರಣನೋ! ಇದನ್ನ ತೋರ್ಸಾಕೆ ಕರ್ಕಂಡು ಬಂದ್ಯಾ?"

"ಬಲಗೈ ಅವ್ವಾ, ನಾನೇ ನೋಡಿದೀನಿ."

"ನನ್ನ ಕಣ್ಣು ಮಂಜು ಇರಬೋದು. ಎಡ ಬಲ ತಿಳೀದಷ್ಟು ಕುರುಡಿ ಅಲ್ಲ!"

ಪರದೆಯತ್ತ ತಿರುಗಿ ನೋಡಿದೆ. ಲಿಂಗ ಬಲ ಅಂಗೈಯಲ್ಲಿತ್ತು, ಎಡಗೈ ಪತ್ರೆ ಏರಿಸುತ್ತಿತ್ತು. ಹಿಂದಿನಿಂದ ನೋಡಿದರೆ ಎಲ್ಲ ತಿರುವುಮುರುವು. ಅಷ್ಟು ಸಿನಿಮಾ ನೋಡಿದ ನನಗೆ ಆ ಬದಿಯಲ್ಲಿ ಕುಳಿತವರಿಗೆ ಏನು ಕಾಣುತ್ತದೆಂಬ ಯೋಚನೆಯೇ ಬಂದಿರಲಿಲ್ಲ. ಬಾಗಿಲಲ್ಲಿದ್ದ ಮ್ಯಾನೇಜರನ ಮೇಲೆ ಹರಿಹಾಯ್ದೆ.

"ಎಡ ಆದ್ರೇನು, ಬಲ ಆದ್ರೇನು ಸ್ವಾಮಿ? ದೇವ್ರು ದೇವ್ರೇ ಅಲ್ವಾ? ಇಷ್ಟು ದಿನ ಯಾರೂ ಎದ್ದು ಹೋಗಿಲ್ಲ," ಎಂದ ಆ ಮಹಾನುಭಾವ. ಬಾಯಲ್ಲಿ ಎಲೆಅಡಿಕೆ ತುಂಬಿತ್ತು. ಅವನ ಜೊತೆ ಮಾತು ಸಾಕೆನಿಸಿತು.

ಮನೆಯಲ್ಲಿ ಪರದೆಯ ವಿಚಾರ ಬಿಡಿಸಿ ಹೇಳಲು ಕನ್ನಡಿ ಹಿಡಿದು ತೋರಿಸಬೇಕಾಯಿತು. ಅವ್ವ ಕನ್ನಡಿಯ ಮುಂದೆ ಕೈ ಆಡಿಸಿ ನೋಡಿದಳು. ಆಮೇಲೆ ಕೇಳಿದಳು, "ಮುಂದೆ ಕುಂತ್ರೆ ಸರಿ ಕಾಣ್ತೈತಾ?"

ಟೆಂಟು ಅಷ್ಟರಲ್ಲಿ ಜಗಳೂರಿಗೆ ಹೋಗಿತ್ತು. ಅಲ್ಲಿ ಚಿಕ್ಕಮ್ಮ, ಎಂದರೆ ಅವ್ವನ ತಂಗಿ ಇದ್ದಳು. ಬಸ್ಸಿನಲ್ಲಿ ಧೂಳು ಕುಡಿಯುತ್ತ ಹೋದೆವು. ಅಲ್ಲಿಯೂ ಅದೇ ಪದ್ಧತಿ. ಅಕ್ಕತಂಗಿಯರಿಬ್ಬರೂ ಯಾರ ಮಾತಿಗೂ ಸೊಪ್ಪು ಹಾಕದೆ ಗಂಡಸರ ಸಾಲಿನ ಮುಂದೆ ಮರಳಿನ ಮೇಲೆ ಕುಳಿತರು. ಪೂಜೆಯ ದೃಶ್ಯ ಬಂದಾಗ ಅವ್ವ ಕತ್ತು ಮುಂದೆ ಚಾಚಿ ನೋಡಿ, ಕೈಮುಗಿದಳು. ಕೊನೆಯ ರೀಲಿನವರೆಗೂ ಏಳಲಿಲ್ಲ.

"ಹೆಂಗಿತ್ತವ್ವಾ?" ಎಂದೆ ಹೊರಗೆ ಬಂದ ಮೇಲೆ.

"ಕೈ ಸರಿ ಐತೆ."

"ಮತ್ತೆ?"

"ಮತ್ತೇನು? ಶರಣ ಆಗಿ ಹೆಂಗಸರಂಗೆ ಹುಬ್ಬು ತಿದ್ದಿಸ್ಕಂಡಾನೆ, ಥೂ! ಅದ್ರಾಗೊಬ್ಳು ಗಂಡ ಸತ್ತ ಅಂತ ಅಷ್ಟು ಹೊರಳಾಡಿದ್ಳಲ್ಲ, ತಲೆಗೂದ್ಲು ಒಂದಾದ್ರೂ ಕೆದರಿತೇನೋ? ಇದಕ್ಕಾ ನಾನು ಕಣ್ಣು ಕಾಯ್ದಿಟ್ಕಂಡಿದ್ದು?"

ಚಿಕ್ಕಮ್ಮ ನಕ್ಕಳು. "ಒಂದೇ ಸಾಕು ಅಂದಿದ್ಯಲ್ಲಕ್ಕಾ, ನೋಡಿದ್ಯಲ್ಲ ಬಿಡು."

"ಇದು ಲೆಕ್ಕಕ್ಕಿಲ್ಲ," ಎಂದಳು ಅವ್ವ. "ತಮ್ಮಾ, ಒಳ್ಳೇದೊಂದು ತೋರ್ಸು. ಎಲ್ಲಾ ಹಿಂಗೇ ಇರ್ತಾವಾ?"

ಟೆಂಟಿನ ಬಾಗಿಲಿಗೆ ನಾಳಿನ ಆಟದ ಹಾಳೆ ಅಂಟಿಸಿದ್ದರು. ಗಡಿಯಾರದ ಪಟ್ಟೆಯ ಋಷಿ ಅದರಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ. ಅವ್ವನ ತೋಳು ಹಿಡಿದು ಬೇಗ ಬೇಗ ದಾಟಿಸಿದೆ.

"ಅದೇನೋ ದೊಡ್ಡ ಚಿತ್ರ ಅಂಟ್ಸವ್ರಲ್ಲೋ?"

"ಏನಿಲ್ಲವ್ವಾ," ಎಂದೆ. "ಬೀಡಿ ಜಾಹೀರಾತು."