ವಿಕಿರಣಕ್ಕೆ ಜಗ್ಗದ ಭಾವ

ಅಕ್ಕನ ಗಂಡನಾಗಿ ಮೊದಲ ಸಲ ಮನೆಗೆ ಬಂದ ದಿನ, ಕುಶಲ ಕೇಳುವುದಕ್ಕೂ ಮುಂಚೆ ಭಾವ ಜೇಬಿನಿಂದ ಉಗುರಿನಷ್ಟಗಲದ ಲೋಹದ ಚೂರೊಂದನ್ನು ತೆಗೆದು ಭಾವಮೈದುನನ ಅಂಗೈಯಲ್ಲಿಟ್ಟರು. ಬರೀ ಅಯಸ್ಕಾಂತದ ಬಲದಿಂದ ತಂಪು ಮಾಡುವ ಲೋಹವಿದು ಎಂದರು. ಚೂರು ಜೇಬಿನ ಶಾಖಕ್ಕೆ ಬೆಚ್ಚಗಿತ್ತು. ಅವನು ಮರ್ಯಾದೆಗೆ ತಲೆಯಾಡಿಸಿದ. ಅದೇ ತಪ್ಪಾಯಿತು, ಓದು ಮುಗಿಸುತ್ತಲೇ ಅವನನ್ನು ಭಾವ ತಮ್ಮ ಪ್ರಯೋಗಾಲಯಕ್ಕೇ ಎಳೆದುಕೊಂಡರು.

ಭಾವನ ಹೆಗ್ಗಳಿಕೆ ಒಂದೇ. ವಿಕಿರಣ ಬಿದ್ದರೆ ಬೇರೆಯವರ ಲೋಹಗಳಲ್ಲಿ ಪರಮಾಣುಗಳು ಜಾಗ ತಪ್ಪಿ, ತಂಪು ಮಾಡುವ ಶಕ್ತಿ ಕುಂದುತ್ತಿತ್ತು. ಅವರ ಲೋಹ ಮಾತ್ರ ಕೂದಲೂ ಕೊಂಕದೆ ಹೊರಬರುತ್ತಿತ್ತು. ಅದಕ್ಕೆ ವಜ್ರದೇಹಿ ಎಂದು ಹೆಸರಿಟ್ಟರು. ಸಹೋದ್ಯೋಗಿಗಳು ಆ ಹೆಸರನ್ನು ಅವರಿಗೇ ಅಂಟಿಸಿದರು. ಭಾವ ಅದನ್ನು ಬಿರುದೆಂದೇ ತಿಳಿದರು. ಬಾಹ್ಯಾಕಾಶಕ್ಕೆ ಹೋಗಲಿದ್ದ ದೂರದರ್ಶಕವೊಂದರ ಕ್ಯಾಮೆರಾವನ್ನು ತಂಪಾಗಿಡಲು ಅದೇ ಲೋಹವೆಂದು ಬಹುಮಟ್ಟಿಗೆ ತೀರ್ಮಾನವೂ ಆಗಿತ್ತು. ಭಾವ ಹೊಸ ಕೋಟು ಹೊಲಿಸಿದರು.

ಲೋಹ ಆರಿಸುವ ಅಂತಿಮ ಸಭೆಯ ವಾರ ಪ್ರಯೋಗಾಲಯದ ಓವನ್ ಕೆಟ್ಟಿತು. ವಿಕಿರಣಕ್ಕೊಡ್ಡಿದ ಚೂರನ್ನು ಅಳತೆಯ ಕಡ್ಡಿಗೆ ಅಂಟಿಸಿ, ಅಂಟು ಬೇಗ ಒಣಗಲೆಂದು ಓವನ್ನಿನಲ್ಲಿಡುವುದು ಭಾವ ಹಾಕಿಕೊಟ್ಟ ಪದ್ಧತಿ. ಬೇರೆ ಯಾವ ವಿಭಾಗದಲ್ಲೂ ಅದು ಇರಲಿಲ್ಲ. ಈ ಸಲ ವಿಧಿಯಿಲ್ಲದೆ ಅಂಟನ್ನು ತಾನಾಗಿ ಒಣಗಲು ಬಿಟ್ಟು ಭಾವಮೈದುನ ಅಳೆದ. ವಜ್ರದೇಹಿಯ ಶಕ್ತಿ ಅರ್ಧಕ್ಕಿಳಿದಿತ್ತು.

ಭಾವ ಮೊದಲು ಅಯಸ್ಕಾಂತವನ್ನು ಬೈದರು, ಆಮೇಲೆ ಉಷ್ಣಮಾಪಕವನ್ನು, ಅದೂ ಸಾಲದೆ ಹೆಂಡತಿಯ ತವರಿನವರ ಬುದ್ಧಿಯನ್ನು. ಮತ್ತೆ ಮತ್ತೆ ಅಳೆಸಿದರು. ಉತ್ತರ ಬದಲಾಗಲಿಲ್ಲ.

"ಭಾವ, ಓವನ್ ಬಿಸಿಗೆ ಪರಮಾಣುಗಳೆಲ್ಲ ತಿರುಗಿ ತಮ್ಮ ಜಾಗಕ್ಕೆ ಬಂದುಬಿಡ್ತಿದ್ವು. ಇಷ್ಟು ವರ್ಷ ನಾವು ಗಾಯ ವಾಸಿ ಮಾಡಿ, ಗಾಯಾನೇ ಆಗಿಲ್ಲ ಅಂತ ಬರೆದಿದ್ದೀವಿ."

"ನಾವು ಅಂದ್ಯಲ್ಲ, ಅದನ್ನ ಮಾತ್ರ ಮರೀಬೇಡ," ಎಂದರು ಭಾವ.

ಊಟಕ್ಕೆ ಕೂತಾಗ ಅವರು ವಾದ ಹೂಡಿದರು. ಸಭೆಯಲ್ಲಿ ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯದು. ಮೇಲೇರಿದ ದೂರದರ್ಶಕ ಕುರುಡಾದರೆ ಕಾರಣ ಹುಡುಕಲು ಅಲ್ಲಿಗೆ ಹೋಗುವವರಾರು? ಬಾಯಿ ಬಿಟ್ಟರೆ ಜೀವಮಾನದ ಹೆಸರು ಮಣ್ಣುಪಾಲು.

ಅಕ್ಕ ಬಡಿಸುತ್ತಲೇ ಕೇಳಿದಳು: "ಅಲ್ಲಿ ಮೇಲೆ ಓವನ್ ಇಟ್ಟಿರ್ತಾರೇನ್ರೀ?"

ಭಾವ ಅರ್ಧಕ್ಕೇ ಎದ್ದು ಕೈ ತೊಳೆದರು.

ಸಭೆಯಲ್ಲಿ ಅವರು ಎದ್ದು ನಿಂತರು. ಭಾವ ಗಂಟಲು ಸರಿಪಡಿಸಿಕೊಂಡು, ನನ್ನ ಲೋಹ ವಿಕಿರಣಕ್ಕೆ ಜಗ್ಗುತ್ತದೆ, ಆರಿಸಬೇಡಿ ಎಂದುಬಿಟ್ಟರು. ಅಷ್ಟಕ್ಕೇ ಕೂತಿದ್ದರೆ ದೊಡ್ಡ ಮನುಷ್ಯರಾಗುತ್ತಿದ್ದರು. ಇಂಥ ತಪ್ಪನ್ನು ಇಷ್ಟು ಕಾಲ, ಇಷ್ಟು ಶಿಸ್ತಿನಿಂದ ಇನ್ನಾರು ಮಾಡಿದ್ದಾರೆ ತೋರಿಸಿ ಎಂದು ಬಹಳ ಹೊತ್ತು ವಿವರಿಸಿದರು. ಆಕಳಿಕೆಗಳ ನಡುವೆ ಪಕ್ಕದ ವಿಭಾಗದ ಲೋಹ ಆಯ್ಕೆಯಾಯಿತು.

ಈಗ ಭಾವ ಎಲ್ಲ ಪ್ರಯೋಗಗಳನ್ನೂ ಹೊಸದಾಗಿ ಮಾಡುತ್ತಿದ್ದಾರೆ. ಅಂಟು ಒಣಗುವವರೆಗೆ ಮೊಗಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಸಿಕ್ಕವರಿಗೆಲ್ಲ ವಿಜ್ಞಾನಿಗೆ ತಾಳ್ಮೆ ಬೇಕೆಂದು ಉಪದೇಶಿಸುತ್ತಾರೆ. ಪಕ್ಕದ ವಿಭಾಗದವರು ಹಿಂಬಾಗಿಲಿನಿಂದ ಓಡಾಡುತ್ತಿದ್ದಾರೆ.